ಬೆವರು ಆರುವ ತನಕ

ನಮ್ಮ ಮನೆಯಲ್ಲಿ ಈಗ ಚಾಲ್ತಿಯಲ್ಲಿರುವ ಹೇಳಿಕೆ ಇದು: ತಂಗಿಗೆ ಬಿಸಿಲು ಹೊಡೆಯಿತು. ಬಂದವರಿಗೆಲ್ಲ ಅವ್ವ ಇದನ್ನೇ ಹೇಳುತ್ತಾಳೆ. ಬಂದವರು ಅಯ್ಯೋ ಪಾಪ ಎನ್ನುತ್ತಾರೆ, ಕಾಫಿ ಕುಡಿಯುತ್ತಾರೆ, ಹೋಗುತ್ತಾರೆ. ನನ್ನ ಆಕ್ಷೇಪಣೆ ಇಷ್ಟೇ. ಬಿಸಿಲು ಬೆಳಿಗ್ಗೆಯಿಂದ ಅಲ್ಲೇ ಇತ್ತು, ಎಲ್ಲರ ಮೇಲೂ ಇತ್ತು. ರಸ್ತೆ ಮಧ್ಯೆ ಮಲಗಿದ್ದ ಎಮ್ಮೆಯ ಮೇಲೂ ಇತ್ತು. ಎಮ್ಮೆ ಎದ್ದು ಕೆರೆ ಹುಡುಕಿಕೊಂಡು ಹೋಯಿತು. ಸೂರ್ಯನನ್ನು ಕಟಕಟೆಯಲ್ಲಿ ನಿಲ್ಲಿಸುವುದರಲ್ಲಿ ನಮ್ಮವರಿಗೆ ಒಂದು ಅನುಕೂಲವಿದೆ. ಅವನು ಪಾಟೀಸವಾಲಿಗೆ ಬರುವುದಿಲ್ಲ.

ಬೇರೆ ಹೇಳಿಕೆಗಳೂ ಇವೆ. ಅತ್ತೆಯ ಪ್ರಕಾರ ಹುಡುಗಿ ಬೆವರಲ್ಲಿ ನೀರು ಕುಡಿದದ್ದೇ ಕಾರಣ. ಅಪ್ಪನ ಪ್ರಕಾರ ಈಗಿನವರಿಗೆ ಕಸುವಿಲ್ಲ. ಅವ್ವ ಬಿಸಿಲಿನ ಜೊತೆಗೆ ದೃಷ್ಟಿಯನ್ನೂ ಸೇರಿಸಿಕೊಂಡು ಒಣಮೆಣಸಿನಕಾಯಿ ನಿವಾಳಿಸಿದಳು. ಮೆಣಸಿನಕಾಯಿ ಘಾಟು ಬರಲಿಲ್ಲ ಎಂದು ವಾದಕ್ಕೆ ಪುರಾವೆಯನ್ನೂ ಕೊಟ್ಟಳು. ನನ್ನ ಹೇಳಿಕೆಯನ್ನು ಯಾರೂ ಕೇಳಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಮೊದಲು ಒಂದು ಭ್ರಮೆಯನ್ನು ತೆಗೆದುಹಾಕಬೇಕು. ಹಾಸನದಲ್ಲಿ ಬಸ್ಸು ಹತ್ತುವಾಗ ಯಾರಾದರೂ ಊರು ಕೇಳಿ, ಆಲೂರು ದಾಟಿ ಕುಂದೂರಿನ ಕಡೆ ಎಂದರೆ, "ನಿಮ್ಗೇನ್ ಬಿಡ್ರೀ, ತಂಪು" ಎನ್ನುತ್ತಾರೆ. ಏಪ್ರಿಲ್ ತಿಂಗಳಲ್ಲಿ, ಕರ್ಚೀಫು ಹಿಂಡುತ್ತಾ, ನಮ್ಮ ಊರಿನವರೂ ಹಾಗೇ ಎನ್ನುತ್ತಾರೆ. ಫ್ಯಾನು ಹಾಕಿದರೂ ಬೆವರುತ್ತಾ ಕೂತವರು ಇದು ಈ ವರ್ಷ ಮಾತ್ರ ಅನ್ನುತ್ತಾರೆ. ಹೋದ ವರ್ಷವೂ ಈ ವರ್ಷ ಮಾತ್ರವೇ ಆಗಿತ್ತು.

ಅಪ್ಪ ಹೆತ್ತೂರಿನ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ, ಕೆಲಸದ ಹಂಚಿಕೆ, ಗೊಬ್ಬರ, ನೀರು ಎಲ್ಲ ಅವನ ಮೇಲ್ವಿಚಾರಣೆ. ಬೇಸಿಗೆಯಲ್ಲಿ ವಾರವಿಡೀ ಅಲ್ಲೇ ಇದ್ದು ಭಾನುವಾರ ಮನೆಗೆ ಬರುತ್ತಾನೆ. ಕಾಫಿ ಗಿಡದ ಬಾಯಾರಿಕೆಯ ವಿಷಯದಲ್ಲಿ ಅವನನ್ನು ಮೀರಿಸುವವರು ಆ ಕಡೆ ಇಲ್ಲ. ಮೊಗ್ಗು ಅನ್ನದಗುಳಿನಷ್ಟಾಗಿ ನಿಂತಾಗ ಹೂವಿನ ನೀರು. ಹೂ ಅರಳಿ ಉದುರಿದ ಮೇಲೆ, ದಿನ ಎಣಿಸಿ, ಕಾಯಿ ಕಚ್ಚಲು ಬ್ಯಾಕಿಂಗ್ ನೀರು. ಹೂಮಳೆ ಬಂದರೆ ಸರಿ, ಬರದಿದ್ದರೆ ಹಳ್ಳಕ್ಕೆ ಪೈಪು ಇಳಿಸಿ ಸ್ಪ್ರಿಂಕ್ಲರ್ ತಿರುಗಿಸಬೇಕು. ಒಂದು ದಿನ ತಡವಾದರೂ ಅವನಿಗೆ ಊಟ ಸೇರುವುದಿಲ್ಲ. "ಎಲೆ ಜೋತ್ಬಿದ್ಮೇಲೆ ನೀರ್ ಕೊಡೋನು ರೈಟರ್ ಅಲ್ಲ ಕಣವ್ವ, ಎಣ ಕಾಯೋನು" ಎಂದು ಅವನು ನನಗೆ ಹೇಳಿದ್ದು ಒಂದೆರಡು ಸಲವಲ್ಲ.

ಇದೇ ಮನುಷ್ಯ, ಮನುಷ್ಯರ ವಿಷಯಕ್ಕೆ ಬಂದರೆ, ಬೆವರು ಆರುವ ತನಕ ನೀರು ಮುಟ್ಟಬಾರದು ಎಂಬ ಪಕ್ಷದವನು. ಆ ಪಕ್ಷಕ್ಕೆ ನಮ್ಮ ಕಡೆ ವಿರೋಧ ಪಕ್ಷವೇ ಇಲ್ಲ. ಬಿಸಿಲಲ್ಲಿ ಬಂದವರನ್ನು ಮೊದಲು ಕೂರಿಸುತ್ತಾರೆ, ಬೆವರು ಆರುವುದನ್ನು ನೋಡುತ್ತಾರೆ, ಆಮೇಲೆ ಕಾಫಿ ಕೊಡುತ್ತಾರೆ. ನೀರು ಕೇಳಿದರೆ ಎದೆ ಹಿಡಿಯುತ್ತದೆ, ಶೀತವಾಗುತ್ತದೆ, ಜ್ವರ ಬರುತ್ತದೆ. ಯಾರಿಗೆ ಬಂದಿತ್ತು ಎಂದು ಕೇಳಿ ನೋಡಿ. ಬಂದವರು ಯಾವಾಗಲೂ ಪಕ್ಕದ ಊರಿನವರು, ಮತ್ತು ಯಾವಾಗಲೂ ತೀರಿಕೊಂಡಿರುತ್ತಾರೆ.

ತಂಗಿಗೆ ಹದಿನೇಳು. ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟ ಸೈಕಲ್ಲಿನಲ್ಲಿ ಕಲಿತವಳು, ಈಗ ಯಾರೋ ಬಳಸಿ ಬಿಟ್ಟ ಗೇರ್ ಸೈಕಲ್ ಒಂದರ ಮೇಲೆ ಕೂತರೆ ಇಳಿಯುವುದಿಲ್ಲ. ಪಿಯುಸಿ ಪರೀಕ್ಷೆ ಮುಗಿದ ವಾರ ಅವಳ ಪಿ.ಟಿ. ಮೇಷ್ಟ್ರು ಒಂದು ಅರ್ಜಿ ತಂದುಕೊಟ್ಟರು. ಕ್ರೀಡಾ ಹಾಸ್ಟೆಲ್ಲಿಗೆ ಸೈಕಲ್ ಸವಾರರ ಆಯ್ಕೆ. ಆಯ್ಕೆಯಾದರೆ ಅಲ್ಲೇ ಓದು, ಅಲ್ಲೇ ತರಬೇತಿ. ಅರ್ಜಿಯ ಕೊನೆಯಲ್ಲಿ ತಂದೆಯ ಸಹಿಗೆ ಒಂದು ಗೆರೆ. ಅವಳಿಗೆ ಬೇಕಿದ್ದದ್ದು ಆ ಗೆರೆಯ ಮೇಲೆ ಅಪ್ಪನ ಸಹಿ. ಅಷ್ಟೇ, ಜಗತ್ತಿನಲ್ಲಿ ಬೇರೇನೂ ಬೇಡವಾಗಿತ್ತು.

ಸಹಿ ಹಾಕಿಸುವ ಕೆಲಸ ನಾನು ವಹಿಸಿಕೊಂಡೆ. ನಾನು ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗಳಿಗೆ ಹೋದವಳು. ಪರವೋ ವಿರೋಧವೋ ಎಂದು ಚೀಟಿ ಎತ್ತಿ, ಬಂದ ಪಕ್ಷಕ್ಕೆ ಐದು ನಿಮಿಷ ಪ್ರಾಣ ಕೊಡಬಲ್ಲೆ. ಗೆದ್ದ ಕಪ್ಪುಗಳಲ್ಲಿ ಅವ್ವ ಈಗ ಬಟ್ಟೆ ಕ್ಲಿಪ್ಪು ಹಾಕಿಡುತ್ತಾಳೆ.

ಒಂದು ಭಾನುವಾರ ಊಟವಾದ ಮೇಲೆ ಅಪ್ಪ ಜಗಲಿಯಲ್ಲಿ ಕೂತು, ಸ್ಪ್ರಿಂಕ್ಲರ್ ನಾಜಲ್‌ಗಳಿಗೆ ಕಟ್ಟಿಕೊಂಡಿದ್ದ ಮರಳನ್ನು ಪಿನ್ನಿನಿಂದ ಚುಚ್ಚಿ ತೆಗೆಯುತ್ತಿದ್ದ. ತಂಗಿ ಬಾಗಿಲ ಬಳಿ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದಳು. ಅಪ್ಪನ ಕಣ್ಣು ಸೈಕಲ್ಲಿಗೆ ಸಿಗಿಸಿದ್ದ ಬಾಟಲಿಗಳ ಮೇಲೆ ಬಿತ್ತು.

"ಏನವ್ವ ಇದು, ಎರಡೆರಡು ಬಾಟ್ಲಿ? ಡೈರಿಗೆ ಹಾಲ್ ಹಾಕಕ್ಕೆ ಹೊಂಟಿದ್ದೀಯಾ?"

"ಬಿಸ್ಲಲ್ಲಿ ಬೇಕಾಯ್ತದಪ್ಪ," ಎಂದಳು ತಂಗಿ.

"ಬೇಕಾಯ್ತದಂತೆ! ಎಡಕುಮೇರಿ ಕಡಿಗೆ ರೈಲ್ ಹಳಿ ನೋಡಕ್ಕೆ ಬರ್ತಿದ್ವಲ್ಲ ಬೆಂಗ್ಳೂರ್ ಹುಡುಗ್ರು, ಬೆನ್ನಿಗೊಂದು ಚೀಲ, ಚೀಲಕ್ಕೊಂದು ಪೈಪು, ಕರ ಚೀಪ್ದಂಗೆ ಚೀಪ್ಕಂಡು. ಅಂಗಾಗ್ಬುಟ್ಯಾ ನೀನೂವೆ?"

ನಾನು ಎದ್ದು ನಿಂತೆ. ಕೂತು ವಾದ ಮಾಡಿದರೆ ಅಂಕ ಕಳೆಯುತ್ತಾರೆ ಎಂಬ ಹಳೆಯ ಭಯ.

"ಅಪ್ಪ, ನಿನ್ನ ತಕರಾರು ಯಾವುದಕ್ಕೆ? ಅವ್ಳು ಹೋಗೋದಕ್ಕಾ, ಬಾಟ್ಲಿಗಾ?"

"ಎರಡಕ್ಕೂ ಐತೆ."

"ಒಂದೊಂದೇ ಹೇಳು."

"ಅಲ್ಲಿಗೋಗಿ ಮಧ್ಯದಲ್ಲಿ ಸುಸ್ತಾಯ್ತು ಅಂತ ಕುಂತ್ರೆ ನಗೋರ್ಯಾರು? ಮೊದ್ಲು ಇಲ್ಲಿ ತೋರಿಸ್ಲಿ. ಮನೆಯಿಂದ ನಮ್ ಎಸ್ಟೇಟ್ ಗೇಟ್ ತಂಕ. ಹತ್ತು ಗಂಟೆ ಮ್ಯಾಲೆ ಹೊರಡ್ಲಿ, ತಂಪೊತ್ತಲ್ಲಿ ಬ್ಯಾಡ. ದಾರೀಲಿ ಯಾವ ಗಾಡಿನೂ ಹತ್ತಂಗಿಲ್ಲ. ಗೇಟ್ ಮುಟ್ಟುದ್ಲಾ, ಅಲ್ಲೇ ಸೈನ್ ಹಾಕ್ತೀನಿ."

"ಬಾಟ್ಲಿ?"

"ಬಾಟ್ಲಿ ಗೀಟ್ಲಿ ಇಲ್ಲ. ಮೂವತ್ ವರ್ಸದಿಂದ ನೋಡಿವ್ನಿ, ನಮ್ಮ ಆಳುಗಳು ಒಬ್ರೂ ಬೆವರಲ್ಲಿ ನೀರ್ ಮುಟ್ಟಲ್ಲ. ಹೋಗಿ, ಬೆವರಾರಿಸ್ಕಂಡು, ಆಮ್ಯಾಕೆ ಎಷ್ಟಾರ ಕುಡೀಲಿ."

ಇಲ್ಲಿ ನಾನು ಪುರಾವೆ ಕೇಳಬೇಕಿತ್ತು. ಎದುರಿಗೆ ಬೇರೆ ಯಾರಾದರೂ ಇದ್ದಿದ್ದರೆ ಕೇಳುತ್ತಿದ್ದೆ. ಆದರೆ ದೊಡ್ಡ ಅಂಶ ಆಗಲೇ ನನ್ನ ಕೈಗೆ ಬಂದಿತ್ತು: ಗೇಟು ಮುಟ್ಟಿದರೆ ಸಹಿ. ಅಂಥ ಹೊತ್ತಿನಲ್ಲಿ ಚಿಕ್ಕದೊಂದನ್ನು ಬಿಟ್ಟುಕೊಟ್ಟು ದೊಡ್ಡದನ್ನು ಗಟ್ಟಿ ಮಾಡಿಕೊಳ್ಳುವುದು ನಮಗೆ ಹೇಳಿಕೊಟ್ಟ ಪಾಠ.

"ಒಂದು ಬಾಟ್ಲಿ," ಎಂದೆ. "ಇನ್ನೊಂದು ಬಿಚ್ಚಿಸ್ತೀನಿ. ದಾರೀಲಿ ಸಿಕ್ಕಿದ್ದನ್ನ ಕುಡೀಬಹುದು. ನಾನು ಸ್ಕೂಟರಲ್ಲಿ ಹಿಂದೆ ಇರ್ತೀನಿ, ಸಾಕ್ಷಿಗೆ."

"ನೀನು ಏನೂ ಕೊಡಂಗಿಲ್ಲ."

"ಕೊಡಲ್ಲ."

"ಮಾತಂದ್ರೆ ಮಾತು."

"ಮಾತು."

ಅಪ್ಪ ನಾಜಲ್‌ಗೆ ಬಾಯಿಟ್ಟು ಊದಿ, ತೂತು ಬಿಟ್ಟುಕೊಂಡದ್ದನ್ನು ಬೆಳಕಿಗೆ ಹಿಡಿದು ನೋಡಿದ. ನನಗೆ ಚಪ್ಪಾಳೆ ಕೇಳಿಸಿದಂತಾಯಿತು. ತಂಗಿ ಸ್ಕ್ರೂಡ್ರೈವರ್ ತಂದು ಎರಡನೆಯ ಬಾಟಲಿಯ ಸ್ಟ್ಯಾಂಡನ್ನು ತಾನೇ ಬಿಚ್ಚಿದಳು. ಸಮಾಧಾನಕ್ಕೆ ನಾನು ಅವಳಿಗೊಂದು ತರ್ಕವನ್ನೂ ಕೊಟ್ಟೆ: "ಬಾಯಾರಿಕೆ ಆದಾಗ ಕುಡಿದ್ರೆ ಸಾಕು ಕಣೇ. ಮೈಗೆ ಗೊತ್ತಿರ್ತದೆ." ಆ ವಾಕ್ಯ ಆಗ ನನ್ನ ಬಾಯಿಗೆ ಹೇಗೆ ಬಂತೋ ಗೊತ್ತಿಲ್ಲ. ಚೀಟಿ ಎತ್ತಿದವಳಿಗೆ ವಾಕ್ಯಗಳಿಗೇನು ಬರ?

ಬುಧವಾರ ಹತ್ತು ಗಂಟೆಗೆ ಹೊರಟೆವು. ಅವಳು ಮುಂದೆ, ನಾನು ಹಿಂದೆ. ಮೊದಲ ಒಂದು ಗಂಟೆ ಅವಳು ಹೋದ ರೀತಿ ನೋಡಿ ನನಗೇ ಹೆಮ್ಮೆಯಾಯಿತು. ಬಾಯಾರಿಕೆಯಾದಾಗ ಮಾತ್ರ ಕುಡಿಯುವ ಪ್ರಯೋಗವನ್ನು ಅವಳು ಶ್ರದ್ಧೆಯಿಂದ ಮಾಡಿದಳು. ಬಾಯಾರಿಕೆಯೂ ಬಂತು, ಒಂದೇ ಸಲ ಬಂತು, ಬಾಟಲಿ ಅಲ್ಲಿಗೇ ಖಾಲಿಯಾಯಿತು. ಮೈಗೆ ಗೊತ್ತಿರುತ್ತದೆ, ನಿಜ. ಗೊತ್ತಾದದ್ದನ್ನು ಅದು ತಡವಾಗಿ ಹೇಳುತ್ತದೆ ಎಂಬುದನ್ನು ನಾನು ಹೇಳಿರಲಿಲ್ಲ.

ಅರ್ಧ ದಾರಿಯಲ್ಲಿ ಅತ್ತೆಯ ಮನೆ, ಅಪ್ಪನ ತಂಗಿ. ಅಂಗಳದಲ್ಲಿ ಕಾಳುಮೆಣಸು ಹರಡಿಕೊಂಡು ಕೈಯಾಡಿಸುತ್ತಿದ್ದರು.

"ಅಯ್ಯ ಮಾರಾಯ್ತಿ, ಮುಖ ನೋಡು ಎಂಗೆ ಕೆಂಡ ಆಗೈತೆ!"

"ಅತ್ತೆ, ನೀರು."

"ಬಂದೋಳೇ ನೀರಾ? ಕುಂತ್ಕಳವ್ವ. ಬೆವರಾರ್ಲಿ. ಕಾಫಿ ಇಡ್ತೀನಿ."

"ಕಾಫಿ ಬ್ಯಾಡತ್ತೆ, ಬಾಟ್ಲಿಗೊಂಚೂರು ನೀರ್ ತುಂಬ್ಕಂಡು..."

"ನಮ್ಮನೇಗ್ ಬಂದು ಕಾಫಿ ಬ್ಯಾಡ ಅಂದ್ರೆ? ನಿಮ್ಮಪ್ಪಂಗೆ ಫೋನ್ ಹಾಕ್ಲಾ?"

ಕಾಫಿ ಬಂತು, ಬೆಲ್ಲ ಹಾಕಿದ್ದು, ಸುಡುಸುಡು. ಜೊತೆಗೆ ಒಂದು ಚೊಂಬು ನೀರೂ ಬಂತು. ಅದನ್ನು ಅತ್ತೆ ತಮ್ಮ ಪಕ್ಕದಲ್ಲಿಟ್ಟುಕೊಂಡು ಮೇಲೆ ಅಂಗೈ ಮುಚ್ಚಿ ಕೂತರು. ತಂಗಿ ಕಾಫಿ ಕುಡಿದಳು, ಕುಡಿದಂತೆಲ್ಲ ಇನ್ನೂ ಬೆವರಿದಳು. ಬೆವರು ಆರಲಿಲ್ಲವಾದ್ದರಿಂದ ಅಂಗೈ ಏಳಲಿಲ್ಲ. ನಾನು ಇದರ ತರ್ಕದೋಷವನ್ನು ಎತ್ತಿ ತೋರಿಸಿದೆ. "ನೀನ್ ಸುಮ್ಕಿರು, ಓದಿರೋಳು," ಎಂದರು ಅತ್ತೆ. ಕೊನೆಗೆ ಹೊತ್ತಾಯಿತೆಂದು ತಂಗಿ ಎದ್ದಾಗ ಅರ್ಧ ಚೊಂಬು ದಯಪಾಲಿಸಿದರು. ಬೆವರಲ್ಲಿ ಕುಡಿದ ನೀರು ಎಂದು ಈಗ ಊರೆಲ್ಲ ಹೇಳುತ್ತಿರುವುದು ಆ ಅರ್ಧ ಚೊಂಬನ್ನೇ.

ಬಾಟಲಿಯನ್ನು ಅತ್ತೆ ಒಳಗೆ ಒಯ್ದು ತುಂಬಿ ತಂದು, ತಾವೇ ಸೈಕಲ್ಲಿಗೆ ಸಿಗಿಸಿದರು. ಎರಡು ತಿರುವು ದಾಟಿದ ಮೇಲೆ ತಂಗಿ ಬಾಯಿಗಿಟ್ಟು, ಸೈಕಲ್ ನಿಲ್ಲಿಸಿ, ನನ್ನತ್ತ ತಿರುಗಿದಳು. "ಅಕ್ಕ, ಕಾಫಿ ಕಣೆ." ಬಾಟಲಿ ತುಂಬಾ ಬಿಸಿ ಕಾಫಿ. ಪ್ಲಾಸ್ಟಿಕ್ಕು ಮೆತ್ತಗಾಗಿ ಅವಳ ಬೆರಳಿನ ಗುರುತು ಮೂಡಿತ್ತು. ಪ್ರೀತಿಯನ್ನು ತುಂಬಿಕೊಡುವಾಗ ನಮ್ಮವರಿಗೆ ಬೇರೆ ದ್ರವ ಹೊಳೆಯುವುದಿಲ್ಲ. ನಾನು ಸ್ಕೂಟರಿನ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳೂ ನಕ್ಕಳು, ಆದರೆ ಅವಳ ತುಟಿ ಒಡೆದಿತ್ತು, ಬೇಗ ನಿಲ್ಲಿಸಿದಳು.

ಮುಂದಿನ ಊರಿನಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಇತ್ತು. ಅದರ ಬಾಗಿಲಿಗೆ ಬೀಗವಿತ್ತು, ಬೀಗಕ್ಕೆ ತುಕ್ಕಿತ್ತು. ಪಕ್ಕದ ಗೂಡಂಗಡಿಯವನು ಊಟಕ್ಕೆ ಹೋಗಿದ್ದ. ಅದರಾಚೆ ಹಳ್ಳದ ಸೇತುವೆ. ತಂಗಿ ಸೈಕಲ್ಲನ್ನು ಕಟ್ಟೆಗೆ ಒರಗಿಸಿ ಕೆಳಗೆ ಬಗ್ಗಿ ನೋಡಿದಳು. ಮಳೆಗಾಲದಲ್ಲಿ ಸೇತುವೆ ಮುಟ್ಟುವ ಹಳ್ಳದಲ್ಲಿ ಈಗ ಒಂದು ಗುಂಡಿಯಷ್ಟು ನೀರು, ಅದರೊಳಗೆ ಮೂರು ಎಸ್ಟೇಟುಗಳ ಮೂರು ಕಪ್ಪು ಪೈಪುಗಳು ಮೂತಿ ಇಟ್ಟುಕೊಂಡು ಕೂತಿದ್ದವು. ನೀರಿನ ಮೇಲೆ ಡೀಸೆಲ್ಲಿನ ಬಣ್ಣ. ಅವಳು ಹಾಗೇ ನೋಡುತ್ತಿದ್ದಾಗ ನಾನು ಡಿಕ್ಕಿಯಿಂದ ನನ್ನ ಬಾಟಲಿ ತೆಗೆದು ನಾಲ್ಕು ಗುಟುಕು ಕುಡಿದು, ಮುಚ್ಚಳ ಹಾಕಿ, ಗಂಟೆ ನೋಡಿದೆ. ಒಂದೂವರೆ. "ನಡಿಯೇ, ಆರೇಳು ಕಿಲೋಮೀಟರ್ ಅಷ್ಟೇ," ಎಂದೆ. ಅವಳ ಕಪ್ಪು ಟೀ ಶರ್ಟಿನ ಬೆನ್ನಿನ ಮೇಲೆ ಬಿಳಿ ಗೆರೆಗಳೆದ್ದಿದ್ದವು. ರಸ್ತೆಯ ಧೂಳು ಅಂದುಕೊಂಡೆ. ಉಪ್ಪು.

ಎಸ್ಟೇಟಿನ ಗೇಟಿಗೆ ಮುಂಚೆ ಒಂದು ಏರು ಇದೆ. ಏರಿನುದ್ದಕ್ಕೂ ಎಡಗಡೆ ತಂತಿಬೇಲಿ, ಬೇಲಿಯಾಚೆ ಅಪ್ಪನ ರೋಬಸ್ಟಾ ಗಿಡಗಳು. ಅಂದು ಅಲ್ಲಿ ಬ್ಯಾಕಿಂಗ್ ನೀರು. ಸ್ಪ್ರಿಂಕ್ಲರುಗಳು ಟಕಟಕ ತಿರುಗುತ್ತಾ ಗಿಡಗಳ ನೆತ್ತಿಯ ಮೇಲೆ ನೀರು ಚಿಮ್ಮುತ್ತಿದ್ದವು, ಎಲೆಗಳು ತೊಯ್ದು ಮಿಂಚುತ್ತಿದ್ದವು, ಮಣ್ಣು ಮೊದಲ ಮಳೆಯ ವಾಸನೆ ಬಿಡುತ್ತಿತ್ತು. ಬೇಲಿಯ ಈಚೆ, ರಸ್ತೆಯಲ್ಲಿ, ಒಂದು ಹನಿ ಬೀಳುತ್ತಿರಲಿಲ್ಲ. ನಾಜಲ್‌ಗಳನ್ನು ಅಷ್ಟು ಅಚ್ಚುಕಟ್ಟಾಗಿ ಹೊಂದಿಸಿದ್ದರು. ತಂಗಿ ಮೊದಲು ಗೇರು ತಪ್ಪಿಸಿದಳು. ಆಮೇಲೆ ಸೈಕಲ್ಲು ಹಾವಿನಂತೆ ಆ ಬದಿ ಈ ಬದಿ ಹೋಯಿತು. "ಚಳಿ ಆಗ್ತೈತೆ ಅಕ್ಕ," ಎಂದಳು. ಆ ಬಿಸಿಲಿನಲ್ಲಿ ಅವಳ ತೋಳಿನ ರೋಮ ನಿಂತಿತ್ತು. ನಾನು ತಮಾಷೆ ಎಂದುಕೊಳ್ಳುವಷ್ಟರಲ್ಲಿ ಬೇಲಿಗೆ ಒರಗಿ, ಹಾಗೇ ಜಾರಿ, ಸೈಕಲ್ಲಿನ ಜೊತೆಗೇ ಬಿದ್ದುಬಿಟ್ಟಳು.

ನಾನು ಕೂಗಿದ್ದಕ್ಕೆ ಮೊದಲು ಬಂದದ್ದು ಪೈಪು ಜೋಡಿಸುತ್ತಿದ್ದ ಒಬ್ಬ ಹೆಂಗಸು, ಎಸ್ಟೇಟಿನ ಆಳು. ಬೇಲಿ ನುಸುಳಿ ಬಂದು, ತಂಗಿಯ ಕಂಕುಳಿಗೆ ಕೈ ಹಾಕಿ ಮರದ ನೆರಳಿಗೆ ಎಳೆದು, ತಲೆಗೆ ಸುತ್ತಿದ್ದ ಒದ್ದೆ ಟವೆಲ್ಲನ್ನು ಅವಳ ಕುತ್ತಿಗೆಗೆ ಹಾಕಿದಳು. ಅಷ್ಟರಲ್ಲಿ ಅಪ್ಪ ಗಂಬೂಟಿನಲ್ಲಿ ಓಡಿ ಬಂದ. ಹೆಂಗಸು ತನ್ನ ಊಟದ ಕ್ಯಾರಿಯರ್ ಬಿಚ್ಚಿ, ಉಪ್ಪು ಹಾಕಿದ ಗಂಜಿಯ ತಿಳಿಯನ್ನು ತಂಗಿಯ ಬಾಯಿಗೆ ಹಿಡಿಯುತ್ತಿದ್ದಳು.

"ಏಯ್, ಈಗ್ಲೇ ಕುಡುಸ್ಬ್ಯಾಡ! ಬೆವರಾರ್ಲಿ!" ಎಂದ ಅಪ್ಪ.

"ಬೆವರೆಲ್ಲೈತೆ ರೈಟ್ರೇ? ಮೈ ಮುಟ್ಟಿ ನೋಡಿ. ಒಣಗೋಗೈತೆ."

ಅಪ್ಪ ಮುಟ್ಟಿ ನೋಡಿದ. ಮುಟ್ಟಿದ ಕೈಯನ್ನು ಹಾಗೇ ಹಿಡಿದುಕೊಂಡು ನಿಂತ.

"ನಿಮ್ ಗಿಡ ಸೊರಗಿದ್ರೂ ಹಿಂಗೇ ನಿಂತ್ಕತ್ತೀರಾ? ಕುಡಿ ಮಗ, ಒಂದೊಂದೇ ಗುಟುಕು. ಗಟಗಟ ಬ್ಯಾಡ. ನಮ್ಗೂ ಕಾಲು ಸೆಟ್ಕಂಡ್ರೆ ಇದೇ ಕುಡಿಯೋದು."

"ನೀವೆಲ್ಲಿ ಕುಡೀತೀರಾ ಕೆಲಸದಲ್ಲಿ? ನಾನು ಒಂದಿನನೂ ನೋಡಿಲ್ವಲ್ಲ," ಎಂದ ಅಪ್ಪ. ಅಂಥ ಹೊತ್ತಿನಲ್ಲೂ ಕೇಳಿದ. ವಾದದ ಚಟ ನನಗೆ ಎಲ್ಲಿಂದ ಬಂತೆಂದು ಯಾರೂ ಆಶ್ಚರ್ಯಪಡಬೇಕಿಲ್ಲ.

"ನೀವು ಆ ಕಡಿಗೋದ್ಮೇಲೆ ಕುಡೀತೀವಿ ರೈಟ್ರೇ. ಎದುರಿಗ್ ಕುಡುದ್ರೆ ಬೈತೀರಲ್ಲ."

ಮೂವತ್ತು ವರ್ಷದ ಪುರಾವೆ ಹೀಗೆ ಒಂದು ಕ್ಯಾರಿಯರ್ ಮುಚ್ಚಳದಲ್ಲಿ ಮುಳುಗಿತು. ನಾನು ಭಾನುವಾರ ಕೇಳದೆ ಬಿಟ್ಟ ಪ್ರಶ್ನೆಗೆ ಈ ಹೆಂಗಸು, ಯಾರೂ ಕೇಳದೆಯೇ, ಉತ್ತರ ಕೊಟ್ಟಿದ್ದಳು.

ಅರ್ಧ ಗಂಟೆಯ ಮೇಲೆ ತಂಗಿ ಎದ್ದು ಕೂತಳು. ಅಪ್ಪ ಎಸ್ಟೇಟಿನ ಜೀಪು ತರಿಸಿ ಬಾಗಿಲು ತೆಗೆದ. "ಹತ್ತವ್ವ, ಹೆತ್ತೂರಲ್ಲಿ ಡಾಕ್ಟ್ರಿಗೆ ತೋರ್ಸನ." ಅವಳು ಜೀಪನ್ನು ನೋಡಿದಳು, ಏರಿನ ತುದಿಯನ್ನು ನೋಡಿದಳು. "ಗೇಟು ಮುಟ್ಟಿಲ್ಲ," ಎಂದಳು. ಬೈದರು, ಬೇಡಿಕೊಂಡರು. ಕೇಳಲಿಲ್ಲ. ಸೈಕಲ್ಲಿನ ಹ್ಯಾಂಡಲ್ ಹಿಡಿದು, ಅದರ ಮೇಲೇ ಭಾರ ಹಾಕಿ, ನಡೆದಳು. ಪೈಪಿನ ಹೆಂಗಸು ಗಂಜಿತಿಳಿ ಹಿಡಿದು ಒಂದು ಪಕ್ಕ, ಅಪ್ಪ ಇನ್ನೊಂದು ಪಕ್ಕ, ಹಿಂದೆ ಜೀಪು, ಅದರ ಹಿಂದೆ ನನ್ನ ಸ್ಕೂಟರು. ಗೇಟಿನ ಕಂಬವನ್ನು ಕೈಯಿಂದ ಮುಟ್ಟಿ, ಆಮೇಲೆ ಜೀಪು ಹತ್ತಿದಳು. ಹೆತ್ತೂರಿನಲ್ಲಿ ಡ್ರಿಪ್ ಹಾಕಿದರು.

ಅಪ್ಪನ ತೀರ್ಪು ಮರುದಿನ ಫೋನಿನಲ್ಲಿ ಬಂತು. ಬಿದ್ದಳು, ಆದ್ದರಿಂದ ಸೋತಳು. ನಾನು ಮೇಲ್ಮನವಿ ಸಲ್ಲಿಸಿದೆ. ಷರತ್ತಿನಲ್ಲಿ ಬೀಳಬಾರದು ಎಂದಿರಲಿಲ್ಲ. ನಡೆಯಬಾರದು ಎಂದೂ ಇರಲಿಲ್ಲ. ಗಾಡಿ ಹತ್ತಬಾರದು ಎಂದಿತ್ತು, ಗೇಟು ಮುಟ್ಟುವ ತನಕ ಹತ್ತಲಿಲ್ಲ. ಮೂರು ದಿನ ಫೋನಿನಲ್ಲಿ ಇದೇ ಆಯಿತು. "ನಿನ್ ಬಾಯಿಗೆ ಬೀಗ ಇಲ್ವೇನೇ?" ಎಂದ. ಭಾನುವಾರ ಬಂದವನು ಚಪ್ಪಲಿ ಬಿಡುವ ಮೊದಲೇ ಅರ್ಜಿ ಕೇಳಿ, ಓದದೆ ಸಹಿ ಹಾಕಿದ. ನನ್ನ ವಾದಕ್ಕೆ ಹಾಕಿದನೋ, ಮುಟ್ಟಿ ನೋಡಿದ ಕೈ ಹಾಕಿತೋ ಹೇಳಲಾರೆ. ಈಗ ಎಸ್ಟೇಟಿನ ಪ್ರತಿ ಬ್ಲಾಕಿನಲ್ಲೂ ಒಂದು ಮಡಕೆ ಇಡಿಸಿದ್ದಾನಂತೆ. ಆಳುಗಳು ಕುಡಿಯುವಾಗ ಮಾತ್ರ ಆ ಕಡೆ ತಿರುಗಿ ನಿಲ್ಲುತ್ತಾನಂತೆ. ಮನೆಯಲ್ಲಿ ಕೇಳಿದರೆ ಹುಡುಗಿಗೆ ಕಸುವಿಲ್ಲ ಎಂಬುದೇ ಅವನ ಅಂತಿಮ ನಿಲುವು.

ಆಯ್ಕೆಗೆ ಹೊರಟ ಬೆಳಿಗ್ಗೆ ತಂಗಿಯನ್ನು ಆಲೂರು ಬಸ್ ಸ್ಟ್ಯಾಂಡಿಗೆ ನಾನೇ ಕರೆದುಕೊಂಡು ಹೋದೆ. ಸೈಕಲ್ಲನ್ನು ಮೇಷ್ಟ್ರು ಹಿಂದಿನ ದಿನವೇ ಪಿಕಪ್ಪಿನಲ್ಲಿ ಒಯ್ದಿದ್ದರು, ಬಾಟಲಿಯ ಎರಡೂ ಸ್ಟ್ಯಾಂಡುಗಳನ್ನು ಸಿಗಿಸಿ. ಅವಳು ಕಿಟಕಿಯ ಪಕ್ಕ ಕೂತಳು. ಡ್ರೈವರ್ ಬಂದು ಬಸ್ಸು ಸ್ಟಾರ್ಟ್ ಮಾಡಿದ. ನಾನು ಸ್ಕೂಟರಿನ ಡಿಕ್ಕಿಯಿಂದ ನನ್ನ ನೀರಿನ ಬಾಟಲಿ ತೆಗೆದು ಕಿಟಕಿಗೆ ಚಾಚಿದೆ.

"ನೋಡ್ದ್ಯಾ, ಕೊನೆಗೂ ಗೆದ್ದೆ," ಎಂದೆ. "ದಾರೀಲಿ ಕುಡಿ. ಬಾಯಾರಿಕೆ ಆಗೋ ತನಕ ಕಾಯ್ಬೇಡ."

ಅವಳು ಬಾಟಲಿ ತಗೊಂಡು ಮಡಿಲಲ್ಲಿಟ್ಟುಕೊಂಡಳು. ಅದರ ಮುಚ್ಚಳವನ್ನು ಒಮ್ಮೆ ತಿರುಗಿಸಿ, ಮತ್ತೆ ಬಿಗಿ ಮಾಡಿದಳು. ಕೋಪವೇನೂ ಇರಲಿಲ್ಲ ಮುಖದಲ್ಲಿ. ನಿಜವಾಗಿ ತಿಳಿದುಕೊಳ್ಳಬೇಕೆಂದು ಕೇಳುವವರ ಮುಖ.

"ಅಕ್ಕ, ಹಳ್ಳದ ಹತ್ರ ಅಪ್ಪ ಇರ್ಲಿಲ್ಲ, ಯಾರೂ ಇರ್ಲಿಲ್ಲ. ನೀನು ಕುಡುದು, ಮುಚ್ಚಳ ಹಾಕಿ, ಗಂಟೆ ನೋಡುದ್ಯಲ್ಲ. ಆವಾಗ ಇದ್ನ ನನ್ ಕಡಿಗೆ ಯಾಕ್ ಚಾಚ್ಲಿಲ್ಲ?"